ಅಟ್ಟದಲ್ಲಿ ಸಿಕ್ಕ ದೊರೆಯ ಗಾಳ: ಗೋಡೆಗೋ, ಕೆರೆಗೋ?

ಓದುಗರ ಪ್ರಶ್ನೆ: ನಮ್ಮ ತಾತ ಕೊಡಗಿನ ಸಿದ್ದಾಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ತೋಟದ ದೊರೆ ಇಂಗ್ಲೆಂಡಿಗೆ ವಾಪಸ್ ಹೋಗುವಾಗ ಕೊಟ್ಟರು ಎನ್ನುವ ಮೀನು ಹಿಡಿಯುವ ಸಾಮಾನು ಈಗ ಹಳೇ ಮನೆ ರಿಪೇರಿಗೆ ಬಿಚ್ಚಿದಾಗ ಅಡುಗೆಮನೆಯ ಅಟ್ಟದಲ್ಲಿ ಸಿಕ್ಕಿದೆ. ಮೂರು ತುಂಡಿನ ಬಿದಿರಿನ ರಾಡ್, ದಾರ ಸುತ್ತುವ ಎರಡು ರೀಲ್. ಒಂದರ ಮೇಲೆ ಹಾರ್ಡಿ, ಸೈಲೆಕ್ಸ್ ಎಂದಿದೆ. ಇನ್ನೊಂದು ಮಿಚೆಲ್, ಮೇಡ್ ಇನ್ ಫ್ರಾನ್ಸ್. ‘ಪಾಲಿಶ್ ಮಾಡಿಸಿ ಹೋಂಸ್ಟೇ ಗೋಡೆಗೆ ಹಾಕೋಣ, ಮೀನು ಹಿಡಿಯೋಕೆ ಕಾರ್ಬನ್ ರಾಡ್ ತರೋಣ’ ಎನ್ನುತ್ತಾನೆ ಮಗ. ಇಂಥದ್ದರಲ್ಲೇ ಮೀನು ಹಿಡಿಯುವ ಹುಚ್ಚಿನವರಿದ್ದಾರೆ, ಒಳ್ಳೆ ಬೆಲೆ ಬರುತ್ತೆ ಎನ್ನುತ್ತಾರೆ ಗೆಳೆಯರು. ಇಷ್ಟು ಹಳೇ ಸಾಮಾನಿನ ಮೇಲೆ ಅವರಿಗೇಕೆ ಅಷ್ಟು ಮೋಹ? ನಾನೂ ಬಳಸಬಹುದೇ? ವಾಲ್ನೂರಿನ ಕಡೆ ಕಾವೇರಿಯಲ್ಲಿ ಮಹಶೀರ್ ಮೀನಿಗೆ ಹಾಕಿ ನೋಡುವ ಆಸೆಯಿದೆ.

ಉತ್ತರ: ಪಾಲಿಶ್‌ನವರನ್ನು ಮಾತ್ರ ಕರೆಸಬೇಡಿ. ಮಿಕ್ಕಿದ್ದನ್ನು ಒಂದೊಂದಾಗಿ ನೋಡೋಣ. ಹಳೇ ಗಾಳದ ಸಾಮಾನು ಹೊಳೆಯಲ್ಲಿ ಹಾಳಾಗುವುದಕ್ಕಿಂತ ಮನೆಯಲ್ಲಿ ಅಕ್ಕರೆಯಿಂದ ಉಜ್ಜುವಾಗ ಹಾಳಾಗುವುದೇ ಜಾಸ್ತಿ. ರೀಲಿಗೆ ಹುಣಸೆಹುಳಿ ಹಾಕಿ ತಿಕ್ಕಿ ತಂದವರನ್ನೂ ಕಂಡಿದ್ದೇನೆ. ನಿಮ್ಮ ಸೈಲೆಕ್ಸ್ ಮೈಮೇಲೆ ಮಂಕಾದ ಬೂದುಗಪ್ಪು ಬಣ್ಣ ಇನ್ನೂ ಉಳಿದಿದ್ದರೆ ಅದನ್ನು ಕೊಳೆ ಎಂದುಕೊಳ್ಳಬೇಡಿ. ರೀಲು ಬಿಸಿಲಿಗೆ ಮಿಂಚದಿರಲಿ ಎಂದು ಕಾರ್ಖಾನೆಯವರೇ ಕೊಟ್ಟ ಲೇಪ ಅದು. ತಿಕ್ಕಿದರೆ ಕೆಳಗಿನ ಮಿಶ್ರಲೋಹ ಬೆಳ್ಳಗೆ ಹೊಳೆಯುತ್ತದೆ, ನೋಡಲು ಚೆಂದ ಕಾಣುತ್ತದೆ, ಕೊಳ್ಳುವವನು ಮಾತ್ರ ಮುಖ ತಿರುಗಿಸಿ ಹೋಗುತ್ತಾನೆ. ಆ ಲೇಪವನ್ನು ಮತ್ತೆ ಮೊದಲಿನಂತೆ ತರಿಸಲು ಆಗುವುದಿಲ್ಲ.

ನಿಮಗೆ ಸಿಕ್ಕಿರುವ ಮೂರು ವಸ್ತು ಒಂದೇ ಕಾಲದವಲ್ಲ. ಹಾರ್ಡಿ ಎಂಬುದು ಇಂಗ್ಲೆಂಡಿನ ಉತ್ತರದ ತುದಿಯ ನಾರ್ತಂಬರ್‌ಲೆಂಡ್ ಸೀಮೆಯ ಆಲ್ನಿಕ್ ಪಟ್ಟಣದಲ್ಲಿ 1872ರಲ್ಲಿ ಶುರುವಾದ, ಹಾರ್ಡಿ ಅಣ್ಣತಮ್ಮಂದಿರ ಅಂಗಡಿ. ಸೈಲೆಕ್ಸ್ ಮೊದಲು ಬಂದದ್ದು 1896ರಲ್ಲಿ. ಅದಕ್ಕೆ ಮೊದಲು ಭಾರದ ಗಾಳ ಎಸೆಯಲು ಹಲವರು ರೀಲಿನಿಂದ ದಾರ ಎಳೆದು ಕಾಲ ಬಳಿ ಸುರುಳಿ ಹಾಕಿಕೊಂಡು ಬೀಸುತ್ತಿದ್ದರು. ಸೈಲೆಕ್ಸ್‌ನಲ್ಲಿ ದಾರ ಸುತ್ತಿದ ಡ್ರಮ್ಮೇ ಸಡಿಲವಾಗಿ ತಿರುಗಿ ದಾರ ಬಿಡುತ್ತದೆ, ಅದರ ಓಟಕ್ಕೆ ಬೆರಳಲ್ಲಿ ಒತ್ತುವ ಪುಟ್ಟ ಬ್ರೇಕ್ ಇರುತ್ತದೆ. ಮಿಚೆಲ್ ಬೇರೆಯೇ ಜಾತಿ. ಆಲ್ಪ್ಸ್ ತಪ್ಪಲಿನ ಕ್ಲೂಸ್ ಎಂಬ ಗಡಿಯಾರದ ಊರಿನಲ್ಲಿ ಕಾರ್ಪಾನೊ ಮತ್ತು ಪೋನ್ಸ್ ಎಂಬ ಕಂಪನಿ ಎರಡನೇ ಮಹಾಯುದ್ಧದ ಹೊಸ್ತಿಲಲ್ಲಿ ರೂಪಿಸಿದ ರೀಲ್ ಅದು. ಲೋಕಕ್ಕೆಲ್ಲ ಹಬ್ಬಿದ್ದು ಯುದ್ಧ ಮುಗಿದ ಮೇಲೆ. ಹಾಗಾಗಿ ರಾಡ್ ಮತ್ತು ಸೈಲೆಕ್ಸ್ ದೊರೆಯ ಕಾಲದವೇ ಇರಬಹುದು. ಮಿಚೆಲ್ ಸಿಕ್ಕಬೇಕೆಂದರೆ ಒಂದೋ ಆ ದೊರೆ ಸ್ವಾತಂತ್ರ್ಯ ಬಂದ ಮೇಲೂ ಕೆಲವು ವರ್ಷ ತೋಟದಲ್ಲೇ ಇದ್ದಿರಬೇಕು (ಹಾಗೆ ಉಳಿದವರು ಹಲವರಿದ್ದರು), ಇಲ್ಲವೇ ನಿಮ್ಮ ತಾತನೇ ಅದನ್ನು ಬೇರೆ ಕಡೆಯಿಂದ ಸಂಪಾದಿಸಿರಬೇಕು. ಎರಡನೆಯದಾದರೆ ಅವರು ಕೊಟ್ಟದ್ದನ್ನು ಸುಮ್ಮನೆ ಎತ್ತಿಟ್ಟವರಲ್ಲ, ಹೊಳೆ ಬದಿಗೆ ಹೋಗಿ ಕೂತವರು. ಮಿಚೆಲ್‌ನ ಮುಂಭಾಗದಲ್ಲಿ ದಾರ ಹಿಡಿಯುವ ತಂತಿಯ ಕಮಾನು ಪೂರ್ತಿ ಇದೆಯೋ ಅರ್ಧವೇ ಇದೆಯೋ ನೋಡಿ. ಅರ್ಧ ಕಮಾನಿನದಾದರೆ ಅದು ಆ ಮಾದರಿಯ ಮೊದಲ ವರ್ಷಗಳದು.

ಇನ್ನು ರಾಡ್. ನಮ್ಮಲ್ಲಿ ಹೊಳೆ ಬದಿಯ ಹುಡುಗರು ಗಾಳ ಕಟ್ಟುವ ಇಡೀ ಬಿದಿರ ಕಡ್ಡಿಗೂ ಇದಕ್ಕೂ ಹೋಲಿಕೆಯಿಲ್ಲ. ಬಿದಿರನ್ನು ಉದ್ದಕ್ಕೆ ಸೀಳಿ, ಪ್ರತಿ ಸೀಳನ್ನೂ ತ್ರಿಕೋನಾಕಾರಕ್ಕೆ ತುದಿಯವರೆಗೆ ಸಣ್ಣಗಾಗಿಸುತ್ತ ಹೆರೆದು, ಅಂಥ ಆರನ್ನು ಅಂಟಿಸಿ ಆರು ಮೂಲೆಯ ಒಂದು ಕೋಲು ಮಾಡಿರುತ್ತಾರೆ. ಬಿದಿರಿನ ಶಕ್ತಿಯೆಲ್ಲ ಇರುವುದು ಹೊರಮೈಯ ತೊಗಟೆಯಡಿಯ ನಾರಿನಲ್ಲಿ. ಟೊಳ್ಳಿನ ಕಡೆಯ ಭಾಗ ಹೆಚ್ಚುಕಮ್ಮಿ ಬೆಂಡು. ಆರು ಸೀಳುಗಳ ಹೊರಮೈಯೂ ಹೊರಗೇ ಬರುವ ಹಾಗೆ ಜೋಡಿಸಿದರೆ ಕೋಲಿನ ಸುತ್ತ ಬರೀ ಗಟ್ಟಿ ನಾರೇ. ಇದಕ್ಕೆ ಮೊದಮೊದಲು ಬಳಸುತ್ತಿದ್ದುದು ಕಲ್ಕತ್ತಾದಿಂದ ಹಡಗೇರುತ್ತಿದ್ದ ನಮ್ಮ ದೇಶದ್ದೇ ಬಿದಿರು, ನಾವು ಕಿರುಬಿದಿರು ಎನ್ನುವ, ಟೊಳ್ಳು ಕಡಿಮೆ ಇರುವ ಜಾತಿ. ಆಮೇಲೆ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಕಡೆಯ ಟಾಂಕಿನ್ ಬಿದಿರು ಅದರ ಜಾಗ ಹಿಡಿಯಿತು. ಗೆಣ್ಣುಗಳ ನಡುವೆ ಅಲ್ಲಲ್ಲಿ ಸುಟ್ಟ ಕಂದು ಕಲೆ ಕಂಡರೆ ನಿಮ್ಮ ರಾಡ್ ಕಲ್ಕತ್ತಾ ಬಿದಿರಿನದಿರಬಹುದು. ಅಂದರೆ ಒಮ್ಮೆ ಸಮುದ್ರ ದಾಟಿ ಹೋದ ಬಿದಿರು ಕೋಲಾಗಿ ವಾಪಸ್ ಬಂದಿದೆ.

1950ರ ಸುಮಾರಿಗೆ ಅಮೆರಿಕ ಚೀನಾದ ಜೊತೆ ವ್ಯಾಪಾರ ನಿಲ್ಲಿಸಿದ್ದರಿಂದ ಅಲ್ಲಿನ ರಾಡ್ ತಯಾರಕರಿಗೆ ಟಾಂಕಿನ್ ಸಿಗದಾಯಿತು. ಅದೇ ಹೊತ್ತಿಗೆ ಫೈಬರ್ ಗ್ಲಾಸ್ ಬಂತು, 1970ರ ದಶಕದಲ್ಲಿ ಕಾರ್ಬನ್. ಕೈಯಲ್ಲಿ ಹೆರೆದು ಮಾಡುವ ಬಿದಿರಿನ ರಾಡ್ ದೊಡ್ಡ ಮಾರುಕಟ್ಟೆಯಿಂದ ಮಾಯವಾದದ್ದು ಹೀಗೆ. ಮಾಯವಾದ ಮೇಲೇ ಅದರ ಮೋಹ ಶುರುವಾದದ್ದು.

ಮೋಹ ಏಕೆ ಎಂದು ಕೇಳಿದ್ದೀರಿ. ಅಜ್ಜನ ನೆನಪು, ಹಳೇ ಕಾಲದ ಚಂದ ಎಂದು ಎಲ್ಲರೂ ಹೇಳುವ ಉತ್ತರ ಸುಳ್ಳಲ್ಲ. ಆದರೆ ನೆನಪು ಗೋಡೆಗೆ ತೂಗುಹಾಕಿದರೂ ಉಳಿಯುತ್ತದೆ. ಇದರಲ್ಲೇ ಮೀನು ಹಿಡಿಯಬೇಕು ಎನ್ನುವವನಿಗೆ ಬೇರೆ ಕಾರಣ ಇರುತ್ತದೆ, ಅದು ಕೈಗೆ ಸಂಬಂಧಪಟ್ಟದ್ದು. ಕಾರ್ಬನ್ ರಾಡ್ ಬಾಗಿದ ವೇಗದಲ್ಲೇ ಚಿಮ್ಮಿ ನೆಟ್ಟಗಾಗುತ್ತದೆ. ಬಿದಿರು ಭಾರ, ಬಾಗುವುದೂ ನಿಧಾನ, ನೆಟ್ಟಗಾಗುವುದೂ ನಿಧಾನ. ಅವಸರದಲ್ಲಿ ಬೀಸಿದರೆ ಗಾಳ ಕಾಲ ಬುಡಕ್ಕೇ ಬೀಳುತ್ತದೆ. ರಾಡ್ ಹಿಂದಕ್ಕೆ ಬಾಗಿ ಭಾರ ಹೊತ್ತುಕೊಂಡದ್ದು ಹಿಡಿಗೆ ತಿಳಿದ ಮೇಲೆ ಮುಂದಕ್ಕೆ ತಂದರೆ ತಾನಾಗಿ ಎಸೆಯುತ್ತದೆ. ಒಮ್ಮೆ ಈ ತಾಳ ಕೈಗೆ ಹತ್ತಿದವನಿಗೆ ಕಾರ್ಬನ್ ರಾಡ್ ಹಿಡಿದರೆ ಏನೋ ಖಾಲಿ ಖಾಲಿ ಅನ್ನಿಸುತ್ತದೆ. ದೂರ ಎಸೆಯಲು ಆಗುವುದಿಲ್ಲ, ನಿಜ. ಆದರೆ ನಮ್ಮ ತೋಟದ ಕೆರೆಗಳಲ್ಲಿ, ಸಣ್ಣ ಹೊಳೆಗಳಲ್ಲಿ ದೂರ ಎಸೆದು ಆಚೆ ದಡದ ಸಿಲ್ವರ್ ಓಕ್ ಕೊಂಬೆಗೆ ಸಿಕ್ಕಿಸುವುದು ಬಿಟ್ಟರೆ ಬೇರೇನು ಸಾಧಿಸುವುದಿದೆ?

ರೀಲಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಈಗಿನ ರೀಲಿನ ಹಿಡಿ ಒಂದು ಸುತ್ತು ತಿರುಗಿಸಿದರೆ ಒಳಗಿನ ಗಿಯರ್ ಐದಾರು ಸುತ್ತು ದಾರ ಸುತ್ತುತ್ತದೆ. ಮೀನು ಎಳೆದರೆ ಡ್ರ್ಯಾಗ್ ಎಂಬ ವ್ಯವಸ್ಥೆ ಲೆಕ್ಕ ಹಾಕಿದಷ್ಟೇ ದಾರ ಬಿಡುತ್ತದೆ. ಸೈಲೆಕ್ಸ್‌ನಲ್ಲಿ ಗಿಯರ್ ಇಲ್ಲ. ನೀವು ಒಂದು ಸುತ್ತು ತಿರುಗಿಸಿದರೆ ಡ್ರಮ್ಮೂ ಒಂದೇ ಸುತ್ತು. ಮೀನು ಓಡಿದರೆ ಹಿಡಿಗಳು ಹಿಂದಕ್ಕೆ ಗರಗರ ತಿರುಗುತ್ತವೆ, ಬೆರಳು ಅಡ್ಡ ಸಿಕ್ಕರೆ ಗೆಣ್ಣಿಗೆ ಸರಿಯಾಗಿ ಬಡಿಯುತ್ತದೆ. ಒಳಗಿನ ಹಲ್ಲುಚಕ್ರದ ಮೇಲೆ ಉಕ್ಕಿನ ಪುಟ್ಟ ನಾಲಗೆ ಕಟಕಟನೆ ಓಡುವ ಸದ್ದು ಮೀನು ಎಷ್ಟು ವೇಗದಲ್ಲಿದೆ ಎಂದು ಕಣ್ಣು ಮುಚ್ಚಿದರೂ ಹೇಳುತ್ತದೆ. ಅಂಗೈಯನ್ನು ಡ್ರಮ್ಮಿನ ಅಂಚಿಗೆ ಮೆಲ್ಲಗೆ ತಾಗಿಸಿ ತಡೆಯಬೇಕು. ಜಾಸ್ತಿ ಒತ್ತಿದರೆ ದಾರ ಹರಿಯಿತು, ಕಡಿಮೆ ಒತ್ತಿದರೆ ಡ್ರಮ್ ದಾರಕ್ಕಿಂತ ಮುಂದೆ ಓಡಿ ಬಿಡಿಸಲಾರದ ಸಿಕ್ಕು. ಇದನ್ನು ಅನುಕೂಲ ಎಂದು ಯಾರೂ ಹೇಳಲಾರರು. ಮೀನಿನ ಎಳೆತ ನೇರವಾಗಿ ಅಂಗೈಗೆ ಸಿಗುವುದರಲ್ಲಿ ಇರುವ ಖುಷಿಗಾಗಿ ಜನ ಈ ತಾಪತ್ರಯ ಒಪ್ಪಿಕೊಳ್ಳುತ್ತಾರೆ, ಅಷ್ಟೆ.

ಇನ್ನೊಂದು ಕಾರಣವನ್ನು ನನ್ನಂಥ ರಿಪೇರಿ ಹುಚ್ಚಿನವರು ಮಾತ್ರ ಹೇಳುತ್ತಾರೆ: ಇವು ಬಿಚ್ಚಬಹುದಾದ ವಸ್ತುಗಳು. ನಿಮ್ಮ ಮಿಚೆಲ್‌ನ ಪಕ್ಕದ ಮುಚ್ಚಳ ತೆಗೆದರೆ ಒಳಗಿನ ಚಕ್ರಗಳು ಗಡಿಯಾರದ ಊರಿನವರು ಮಾಡಿದ್ದು ಎಂದು ತಾವೇ ಹೇಳಿಕೊಳ್ಳುತ್ತವೆ. ಕಾಕತಾಳೀಯವೋ ಏನೋ, ಕಾವೇರಿ ಮಹಶೀರ್‌ನ ಬೆನ್ನುಹತ್ತಿದವರ ಅಚ್ಚುಮೆಚ್ಚಿನ ಅಂಬಾಸಡರ್ ರೀಲ್ ಮಾಡಿದ ಸ್ವೀಡನ್ನಿನ ಆಬು ಕಂಪನಿಯೂ 1921ರಲ್ಲಿ ಗಡಿಯಾರದ ಕಾರ್ಖಾನೆಯಾಗಿಯೇ ಶುರುವಾದದ್ದು. ಈಗ ಅಗ್ಗಕ್ಕೆ ಸಿಗುವ ರೀಲಿನಲ್ಲಿ ಒಂದು ಪ್ಲಾಸ್ಟಿಕ್ ಹಲ್ಲು ಮುರಿದರೆ ಇಡೀ ರೀಲು ಕಸ. ಮಿಚೆಲ್‌ನಲ್ಲಿ ಸಾಮಾನ್ಯವಾಗಿ ಮುರಿಯುವುದು ಕಮಾನಿನ ಸ್ಪ್ರಿಂಗ್. ಲಕ್ಷಗಟ್ಟಲೆ ತಯಾರಾದ ರೀಲ್ ಆದ್ದರಿಂದ ಬೇರೆ ಹಳೇ ಮಿಚೆಲ್‌ನಿಂದ ತೆಗೆದ ಬಿಡಿಭಾಗ ಇವತ್ತಿಗೂ ಸಿಗುತ್ತದೆ.

ಇದರಲ್ಲಿ ಜಂಬವೂ ಸ್ವಲ್ಪ ಇದೆ, ಮುಚ್ಚಿಡುವುದೇಕೆ. ರೀಲನ್ನು ಗಾಜಿನ ಕಪಾಟಿನಲ್ಲಿಟ್ಟು ನೆಂಟರಿಗೆ ತೋರಿಸಿ, ನೀರಿನ ಹತ್ತಿರವೂ ಸುಳಿಯದವರಿದ್ದಾರೆ. ಅವರಿಂದಲೇ ಬೆಲೆ ಏರುವುದು ಎಂಬುದೂ ಖರೆ.

ಈಗ ನಿಮ್ಮ ರಾಡ್ ಬಳಸಲು ಯೋಗ್ಯವೇ ಎಂದು ನೋಡುವ ಬಗೆ. ಅಡುಗೆಮನೆ ಅಟ್ಟದಲ್ಲಿತ್ತು ಎಂದಿರಿ. ಒಲೆಯ ಹೊಗೆ ಕುಟ್ಟೆಹುಳುವನ್ನು ದೂರ ಇಟ್ಟಿರುತ್ತದೆ, ಅದು ಲಾಭ. ಆದರೆ ವರ್ಷಗಟ್ಟಲೆ ಶಾಖಕ್ಕೆ, ಮತ್ತೆ ಮಳೆಗಾಲದ ತೇವಕ್ಕೆ ಒಡ್ಡಿಕೊಂಡ ಅಂಟು ಸೋತಿರಬಹುದು. ಯುದ್ಧಕ್ಕೆ ಮೊದಲಿನ ರಾಡ್‌ಗಳಲ್ಲಿ ಬಳಸುತ್ತಿದ್ದುದು ಪ್ರಾಣಿಯ ತೊಗಲು, ಮೂಳೆಗಳಿಂದ ಕಾಯಿಸಿದ ಅಂಟು, ಅದಕ್ಕೆ ತೇವವೇ ಶತ್ರು. ಇಲ್ಲಣವನ್ನು ಹಿಂಡಿದ ಒದ್ದೆ ಬಟ್ಟೆ ಮತ್ತು ಮೆದು ಸೋಪಿನಲ್ಲಿ ಒರೆಸಿ, ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ. ಉಪ್ಪುಕಾಗದ ಮುಟ್ಟಿಸಲೇಬೇಡಿ. ಮೊದಲೇ ಹೇಳಿದೆನಲ್ಲ, ಶಕ್ತಿಯೆಲ್ಲ ಹೊರಮೈಯ ನಾರಿನಲ್ಲಿದೆ, ಅದನ್ನು ಹೆರೆದರೆ ರಾಡೇ ಹೋಯಿತು.

ಆಮೇಲೆ ಹಗಲು ಬೆಳಕಿನಲ್ಲಿ ಕಿಟಕಿ ಬಳಿ ಕೂತು ಒಂದೊಂದು ತುಂಡನ್ನೂ ನಿಧಾನಕ್ಕೆ ತಿರುಗಿಸಿ. ಆರು ಮೂಲೆಗಳಲ್ಲೂ ಸೀಳು ಸೀಳಿಗೆ ಕೂಡುವ ಗೆರೆ ಕೂದಲಿಗಿಂತ ತೆಳ್ಳಗಿರಬೇಕು. ಎಲ್ಲಾದರೂ ಆ ಗೆರೆ ಕಪ್ಪಾಗಿ ಬಾಯಿ ಬಿಟ್ಟಿದ್ದರೆ ಉಗುರಿನಿಂದ ಮೆಲ್ಲಗೆ ಒತ್ತಿ. ಒತ್ತಿದಾಗ ಅಲುಗಿದರೆ ಅಥವಾ ಎರಡೂ ಕೈಯಲ್ಲಿ ಸ್ವಲ್ಪವೇ ತಿರುಚಿದಾಗ ಟಿಕ್ ಎಂದು ಸದ್ದು ಬಂದರೆ ಅಲ್ಲಿ ಅಂಟು ಬಿಟ್ಟಿದೆ. ಅಂಥ ರಾಡನ್ನು ಗೋಡೆಗೇ ಹಾಕಿ, ನಿಮ್ಮ ಮಗನ ಮಾತು ಅಷ್ಟರ ಮಟ್ಟಿಗೆ ಸರಿ. ಗೆರೆಗಳು ಗಟ್ಟಿಯಾಗಿದ್ದರೆ ತುಂಡುಗಳನ್ನು ಕೂಡಿಸುವ ಲೋಹದ ಕೊಳವೆಗಳತ್ತ ಬನ್ನಿ. ಒಂದು ಇನ್ನೊಂದರೊಳಗೆ ಗಾಳಿ ಹೊರಗೆ ತಳ್ಳಿಕೊಂಡು ಬಿಗಿಯಾಗಿ ಇಳಿಯಬೇಕು, ಕೂಡಿಸಿ ಅಲ್ಲಾಡಿಸಿದರೆ ಲೊಡಲೊಡ ಎನ್ನಬಾರದು. ಬಿಗಿ ಹೆಚ್ಚಾಗಿ ಬಿಚ್ಚಲು ಬಾರದಿದ್ದರೆ ತಿರುಚಬೇಡಿ, ಇಕ್ಕಳ ಹಾಕಲೂ ಬೇಡಿ. ಕುಕ್ಕರುಗಾಲಲ್ಲಿ ಕೂತು, ರಾಡನ್ನು ಮಂಡಿಗಳ ಹಿಂದೆ ಅಡ್ಡ ಹಿಡಿದು, ಕೀಲಿನ ಆಚೆ ಈಚೆ ಕೈಯಿಟ್ಟು ಮಂಡಿಗಳನ್ನು ಹೊರಕ್ಕೆ ಅಗಲಿಸಿ. ಎಳೆತ ನೆಟ್ಟಗೆ ಬಿದ್ದು ಬಿಚ್ಚಿಕೊಳ್ಳುತ್ತದೆ. ಮತ್ತೆ ಕೂಡಿಸುವ ಮೊದಲು ಹಳೇ ಗಾಳಗಾರರು ಆ ಕೊಳವೆಯನ್ನು ಮೂಗಿನ ಪಕ್ಕಕ್ಕೆ ಒಮ್ಮೆ ಉಜ್ಜಿಕೊಳ್ಳುತ್ತಿದ್ದರು. ಮುಖದ ಜಿಡ್ಡೇ ಅದಕ್ಕೆ ಸಾಕಾಗುವಷ್ಟು ಎಣ್ಣೆ. ನಗಬೇಡಿ, ಕೆಲಸ ಮಾಡುತ್ತದೆ.

ದಾರ ಹಾಯುವ ಬಳೆಗಳಲ್ಲಿ ತುದಿಯದು ಮತ್ತು ಹಿಡಿಯ ಹತ್ತಿರದ್ದು ಬಹುಶಃ ಅಗೇಟ್ ಕಲ್ಲಿನವು, ಕಂದುಕೆಂಪಿನ ಉಂಗುರದಂತಿರುತ್ತವೆ. ಕಲ್ಲಿನಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೂ ಸಾಕು, ಅದು ದಾರವನ್ನು ಬ್ಲೇಡಿನಂತೆ ಕೊಯ್ಯುತ್ತದೆ. ಸ್ವಲ್ಪ ಹತ್ತಿಯನ್ನು ಬಳೆಯೊಳಗೆ ತೂರಿಸಿ ಸುತ್ತ ಆಡಿಸಿ. ಎಳೆ ಕಚ್ಚಿಕೊಂಡ ಕಡೆ ಬಿರುಕಿದೆ. ಬಳೆಗಳನ್ನು ಕಟ್ಟಿರುವ ರೇಷ್ಮೆ ದಾರ ಕೊಳೆತಿದ್ದರೆ ಹೊಸ ರೇಷ್ಮೆ ದಾರ ಸುತ್ತಿಸಿ, ಅದರ ಮೇಲೆ ಮಾತ್ರ ತೆಳ್ಳಗೆ ಎಣ್ಣೆ ವಾರ್ನಿಶ್ ಎರಡು ಮೂರು ಸಲ ಹಚ್ಚಿ. ಊರ ಬಡಗಿ ‘ಮೆಲಮೈನ್ ಹೊಡೆದುಬಿಡ್ತೀನಿ’ ಎಂದರೆ ಬೇಡ ಎನ್ನಿ. ಕುರ್ಚಿ ಬಾಗುವುದಿಲ್ಲ, ರಾಡ್ ಬಾಗುತ್ತದೆ. ಗಡುಸು ಲೇಪ ಒಡೆದು ಆ ಬಿರುಕಲ್ಲೇ ನೀರು ಇಳಿಯುತ್ತದೆ.

ಕೊನೆಗೆ ಕೂಡಿಸಿದ ರಾಡ್‌ಗೆ ದಾರ ಹಾಯಿಸಿ, ತುದಿಗೆ ಕಾಲು ಕಿಲೋದಷ್ಟು ನೀರು ತುಂಬಿದ ಬಾಟಲಿ ಕಟ್ಟಿ ನಿಧಾನಕ್ಕೆ ಎತ್ತಿ. ಬಾಗು ಬುಡದಿಂದ ತುದಿಯವರೆಗೆ ಒಂದೇ ಹದದಲ್ಲಿ ಬರಬೇಕು. ಎಲ್ಲೋ ಒಂದು ಕಡೆ ಮಡಚಿದ ಹಾಗೆ ಕಂಡರೆ ಅಲ್ಲಿಗೇ ಇಳಿಸಿ. ಇಳಿಸಿದ ಮೇಲೂ ತುದಿ ಒಂದು ಕಡೆ ಸ್ವಲ್ಪ ವಾಲಿಯೇ ಉಳಿದರೆ ಗಾಬರಿ ಬೇಡ, ಹಳೇ ಬಿದಿರಿಗೆ ಅದು ಸಹಜ.

ರೀಲುಗಳದು ಸುಲಭ. ಎರಡರಲ್ಲೂ ಹಳೇ ಗ್ರೀಸ್ ಗಟ್ಟಿಯಾಗಿ ಮೇಣದಂತಾಗಿರುತ್ತದೆ. ಸ್ಕ್ರೂವಿನ ಸೀಳಿಗೆ ಪೂರ್ತಿ ತುಂಬುವ ಅಗಲದ ಸ್ಕ್ರೂಡ್ರೈವರ್ ಬಳಸಿ, ಸಣ್ಣದನ್ನು ಹಾಕಿ ಜಾರಿಸಿ ತಲೆ ಕೆಡಿಸಬೇಡಿ. ಬಿಚ್ಚುತ್ತಾ ಹೋದಂತೆ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಲೋಹದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅಕ್ಷಕ್ಕೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ, ಮಿಚೆಲ್‌ನ ಗಿಯರ್‌ಗೆ ಹೊಸ ಗ್ರೀಸ್ ತೆಳ್ಳಗೆ ಹಚ್ಚಿ. ಕೊಡಗಿನಲ್ಲಿ ಕೋವಿಯ ಎಣ್ಣೆಗೆ ಬರವಿಲ್ಲ, ಅಕ್ಕಪಕ್ಕದ ಮನೆಯಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಒರೆಸುವಾಗ ಕೇಳಿದರೆ ಕೊಡುತ್ತಾರೆ. ಅಕ್ಷಕ್ಕೆ ಅದೂ ಆದೀತು. ಕೋವಿಯ ನಳಿಗೆ ತೊಳೆಯುವ ದ್ರಾವಣ ಮಾತ್ರ ಬೇಡ, ಅದು ಬಣ್ಣವನ್ನೂ ಹಳೇ ಹಿಡಿಗಳನ್ನೂ ತಿನ್ನಬಹುದು.

ಸೈಲೆಕ್ಸ್‌ನಲ್ಲಿ ಹಳೇ ರೇಷ್ಮೆ ದಾರ ಇನ್ನೂ ಸುತ್ತಿದ್ದರೆ ಅದರ ಕಾಲ ಮುಗಿದಿದೆ, ಎಳೆದರೆ ಕೈಯಲ್ಲೇ ಹರಿಯುತ್ತದೆ. ಆ ದಾರವನ್ನು ಪ್ರತಿ ಸಲ ಬಳಸಿದ ಮೇಲೂ ಬಿಚ್ಚಿ ಒಣಗಿಸಬೇಕಿತ್ತು; ನಮ್ಮ ಜುಲೈನಲ್ಲಿ ದೊರೆಯ ಬಟ್ಲರ್ ಅದನ್ನು ಎಲ್ಲಿ ಒಣಹಾಕುತ್ತಿದ್ದನೋ! ಈಗ ನೈಲಾನ್ ದಾರ ಹಾಕಿ, ಆದರೆ ಬಿಗಿಯಾಗಿ ಸುತ್ತಬೇಡಿ. ಎಳೆದು ಸುತ್ತಿದ ನೈಲಾನ್ ಮತ್ತೆ ಕುಗ್ಗುತ್ತಾ ಡ್ರಮ್ಮನ್ನು ಹಿಂಡುತ್ತದೆ, ಹಳೇ ಡ್ರಮ್ಮಿನ ಅಂಚು ಸೊಟ್ಟಗಾಗುತ್ತದೆ, ಸೀಳುವುದೂ ಉಂಟು. ಮೊದಲು ತಳಕ್ಕೆ ಹತ್ತಿ ದಾರದ ಒಂದು ಪದರ ಸುತ್ತಿ ಅದರ ಮೇಲೆ ನೈಲಾನ್ ಸುತ್ತುವುದು ಒಳ್ಳೆಯದು. ಹೆಣೆದ ಬ್ರೇಡ್ ದಾರ ಹಾಕಲೇಬೇಡಿ, ಅದು ಹಳೇ ಬಳೆಗಳಲ್ಲಿ ಗೀರು ಕೊರೆಯುತ್ತದೆ.

ಇಷ್ಟೆಲ್ಲ ಆಗಿ ರಾಡ್ ಗಟ್ಟಿಯಿದೆ ಎಂದಾದರೂ ಮಹಶೀರ್‌ಗೆ ಅದನ್ನು ಹಾಕಬೇಡಿ. ಇಲ್ಲಿ ನಾನು ಹಟಮಾರಿ, ಬೇಸರಿಸಬೇಡಿ.

ಆ ಕಾಲದ ಸಾಮಾನಿನಲ್ಲೇ ದೊಡ್ಡ ಮೀನು ಹಿಡಿದಿದ್ದಾರಲ್ಲ ಎಂದು ನೀವು ಕೇಳಬಹುದು. ಹೌದು, 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಹಿಡಿದ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ದಾಖಲೆ ಕಾರ್ಬನ್ ಹುಟ್ಟುವ ಎಷ್ಟೋ ಮೊದಲಿನದು. ಆದರೆ ಅವತ್ತು ರಾಡ್ ಹೊಸದು, ಅಂಟು ಹೊಸದು, ಹಿಡಿದ ಮೀನನ್ನು ಬದುಕಿಸಿ ವಾಪಸ್ ಬಿಡಬೇಕೆಂಬ ಕಟ್ಟುಪಾಡೂ ಇರಲಿಲ್ಲ. ಇವತ್ತು ಲೆಕ್ಕವೇ ಬೇರೆ. ಕಾವೇರಿ ಕೊಳ್ಳವನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ, ಬೆನ್ನು ಉಬ್ಬಿದ ಕಿತ್ತಳೆ ರೆಕ್ಕೆಯ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ: ಟಾರ್ ರೆಮದೇವಿ. ಅದೇ ವರ್ಷ ಅದು ಅಳಿವಿನ ಅಂಚಿನ ಅತಿ ಗಂಭೀರ ಪಟ್ಟಿಗೂ ಸೇರಿತು. ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಮೀನು ಹೊಡೆಯುವುದು ಒಂದು ಕಡೆಯಾದರೆ, ಲೋನಾವಳಾದ ಮರಿ ಸಾಕಣೆ ಕೇಂದ್ರದಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೊಳೆ ತುಂಬಿಕೊಂಡದ್ದು ಇನ್ನೊಂದು ಕಡೆ.

ದೊಡ್ಡ ಮೀನನ್ನು ಮೆದು ರಾಡ್, ಡ್ರ್ಯಾಗ್ ಇಲ್ಲದ ರೀಲಿನಲ್ಲಿ ಹಿಡಿದರೆ ಅದನ್ನು ದಡಕ್ಕೆ ತರಲು ಬಹಳ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಹೋರಾಡಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ ಅದು ಬಳಲಿ ಬೆಂಡಾಗುತ್ತದೆ. ಬೇಸಿಗೆಯಲ್ಲಿ ನೀರು ಬೆಚ್ಚಗಿದ್ದು ಆಮ್ಲಜನಕವೂ ಕಡಿಮೆ. ನಿಮ್ಮ ಕೈಯಿಂದ ಜಾರಿ ಈಜಿಕೊಂಡು ಹೋದ ಮೀನು ಆಮೇಲೆ ಕಲ್ಲುಸಂದಿಯಲ್ಲಿ ಸತ್ತರೆ ನಿಮಗೆ ಗೊತ್ತೂ ಆಗುವುದಿಲ್ಲ. ಹಳೇ ಗಾಳದ ಸುಖ ನಮ್ಮದು, ಅದರ ಖರ್ಚು ಮೀನಿನ ತಲೆಗೆ ಬೀಳಬಾರದು. ವಾಲ್ನೂರು ಭಾಗದಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ದಶಕಗಳಿಂದ ಹೊಳೆ ಕಾವಲು ಕಾಯ್ದು, ಹಿಡಿದು ಬಿಡುವ ಪದ್ಧತಿ ಇಟ್ಟುಕೊಂಡು ಬಂದದ್ದರಿಂದಲೇ ಅಲ್ಲಿ ಮಹಶೀರ್ ಉಳಿದಿದೆ. ಅಲ್ಲಿಗೆ ಹೋಗುವ ಆಸೆಯಿದ್ದರೆ ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ಸದ್ಯದ ಅನುಮತಿಯ ನಿಯಮ ಕೇಳಿಕೊಳ್ಳಿ, ಮುಳ್ಳಿಲ್ಲದ ಕೊಕ್ಕೆ ಮತ್ತು ಗಟ್ಟಿಮುಟ್ಟಾದ ಈಗಿನ ರಾಡ್ ಒಯ್ಯಿರಿ, ಮಳೆಗಾಲದಲ್ಲಿ ಮೀನು ಮೊಟ್ಟೆಯಿಡುವಾಗ ಹೋಗಬೇಡಿ. ನಾಗರಹೊಳೆಯಂಥ ಸಂರಕ್ಷಿತ ಕಾಡಿನ ನೀರಿಗಂತೂ ಯಾವ ಗಾಳವೂ ಸಲ್ಲದು.

ಹಾಗಾದರೆ ತಾತನ ರಾಡ್ ಎಲ್ಲಿಗೆ? ಗೆಂಡೆ ಬಿಟ್ಟಿರುವ ತೋಟದ ಕೆರೆಗೆ. ನಿಮ್ಮ ಕೆರೆ ಇಲ್ಲದಿದ್ದರೆ ಗೊತ್ತಿರುವವರ ಕೆರೆ ಕೇಳಿ. ಒಂದೆರಡು ಕಿಲೋ ಗೆಂಡೆಗೆ ಗಟ್ಟಿ ಬಿದಿರು ಹೇಳಿ ಮಾಡಿಸಿದ್ದು. ಅದು ಗಾಳವನ್ನು ಒಮ್ಮೆಗೇ ಕಸಿಯುವ ಮೀನಲ್ಲ, ಬಾಯಲ್ಲಿಟ್ಟು ಉಗುಳಿ ಮತ್ತೆ ಇಟ್ಟು ಪರೀಕ್ಷೆ ಮಾಡುತ್ತದೆ. ಬೆಂಡು ನೀರಿನ ಮೇಲೆ ಒಂದು ಸಲ ನಡುಗಿ, ಸುಮ್ಮನಾಗಿ, ಮತ್ತೆ ಓರೆಯಾಗಿ ಸರಿದು ಮುಳುಗುವವರೆಗೆ ಕಾಯಬೇಕು. ಆಗ ರಾಡನ್ನು ಜಗ್ಗದೆ ಸುಮ್ಮನೆ ಎತ್ತಿದರೆ ಸಾಕು, ಬಿದಿರು ತಾನೇ ಬಾಗಿ ಕೊಕ್ಕೆ ಕೂರಿಸುತ್ತದೆ. ಬೇಯಿಸಿ ನಾದಿದ ರಾಗಿ ಹಿಟ್ಟಿನ ಉಂಡೆ ಕೊಕ್ಕೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಬರೀ ಹಸಿ ಹಿಟ್ಟಾದರೆ ಎಸೆಯುವಾಗಲೇ ಉದುರಿಹೋಗುತ್ತದೆ. ಎರೆಹುಳುವೂ ಆದೀತು, ಆದರೆ ಅದಕ್ಕೆ ಸಣ್ಣ ಮೀನಿನ ಕಾಟ ಜಾಸ್ತಿ. ಸೈಲೆಕ್ಸ್‌ನಲ್ಲಿ ಎಸೆಯುವುದನ್ನು ಮನೆ ಅಂಗಳದಲ್ಲಿ, ಕೊಕ್ಕೆ ಇಲ್ಲದೆ ಬರೀ ಸೀಸದ ಗುಂಡು ಕಟ್ಟಿ, ಕಾಫಿ ಕಣದಷ್ಟು ದೂರಕ್ಕೆ ಮೊದಲು ಕಲಿಯಿರಿ. ತಾಳ್ಮೆ ಕೈಕೊಟ್ಟ ದಿನ ಮಿಚೆಲ್ ಹಾಕಿಕೊಳ್ಳಿ.

ಮಗ ಕಾರ್ಬನ್ ರಾಡ್ ತರುವುದಾದರೆ ತರಲಿ, ತಪ್ಪೇನಿಲ್ಲ. ಆದರೆ ಒಂದು ಮಾತು ಅವನಿಗೆ ಖಡಾಖಂಡಿತವಾಗಿ ಹೇಳಿ. ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಆಗುವ ಸಾವುಗಳು ಕೊಡಗಿನವರಿಗೆ ಹೊಸದಲ್ಲ. ತೋಟದ ಕೆರೆಯ ಮೇಲೆ ಹಾದ ವಿದ್ಯುತ್ ತಂತಿಯ ಕೆಳಗೆ ಉದ್ದನೆಯ ಕಾರ್ಬನ್ ರಾಡ್ ಎತ್ತುವುದೂ ಅಷ್ಟೇ ಅಪಾಯ. ಒದ್ದೆಯಾದ ಬಿದಿರನ್ನೂ ನಂಬಬಾರದು.

ಬಳಸಿದ ಮೇಲೆ ರಾಡನ್ನು ಒರೆಸಿ, ಬಿಚ್ಚಿ, ಗಾಳಿಯಾಡುವ ಹತ್ತಿಬಟ್ಟೆಯ ಚೀಲದಲ್ಲಿ ನೆಟ್ಟಗೆ ತೂಗುಹಾಕಿ. ಗೋಡೆಗೆ ಒರಗಿಸಿಟ್ಟರೆ ಬಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿದ ಪೈಪಿನೊಳಗೆ ಇಡಬೇಡಿ, ಒಳಗೇ ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ಹೊಗೆಯೊಲೆ ಇಲ್ಲದ ಮೇಲೆ ಕುಟ್ಟೆಹುಳು ಬರುವ ಸಾಧ್ಯತೆ ಹೆಚ್ಚು. ಚೀಲದಡಿಯಲ್ಲಿ ಹಳದಿ ಹಿಟ್ಟಿನಂಥ ಪುಡಿ ಕಂಡರೆ ತಡಮಾಡದೆ ನೋಡಿ.

ಬೆಲೆಯ ಮಾತು. ಮಿಚೆಲ್ ಲೋಕದಲ್ಲೆಲ್ಲ ತುಂಬಿರುವುದರಿಂದ ಅದರಿಂದ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ, ಅರ್ಧ ಕಮಾನಿನದಾದರೆ ಸ್ವಲ್ಪ ಮೇಲು. ಸೈಲೆಕ್ಸ್‌ನ ಲೇಪ, ಬ್ರೇಕ್, ಹಿಡಿಗಳು ಮೂಲದವೇ ಆಗಿದ್ದರೆ ಕೊಳ್ಳುವವರಿದ್ದಾರೆ. ರಾಡ್‌ನ ಹಿಡಿಯ ಮೇಲೆ ತಯಾರಕರ ಹೆಸರು, ಸಂಖ್ಯೆ ಏನಾದರೂ ಇದ್ದರೆ ಅದರ ಫೋಟೊ ಇಲ್ಲದೆ ಯಾರಿಗೂ ಬೆಲೆ ಕೇಳಬೇಡಿ, ಫೋಟೊ ನೋಡದೆ ಬೆಲೆ ಹೇಳುವವರನ್ನು ನಂಬಲೂ ಬೇಡಿ. ಒಂದು ಕೆಲಸ ಮಾತ್ರ ಇವತ್ತೇ ಮಾಡಿ. ಆ ಕಾಲದ ಇಂಥ ರಾಡ್‌ಗಳಿಗೆ ಬಹಳಷ್ಟು ಸಲ ಹೆಚ್ಚುವರಿ ತುದಿಯೊಂದು ಬರುತ್ತಿತ್ತು, ಮುರಿಯದಿರಲಿ ಎಂದು ಅದನ್ನು ಗೆಣ್ಣು ಕೊರೆದ ಟೊಳ್ಳು ಬಿದಿರಿನ ಕೊಳವೆಯೊಳಗೆ ಇಟ್ಟಿರುತ್ತಿದ್ದರು. ಹೊರಗಿನಿಂದ ಅದು ಬರೀ ಬಿದಿರ ತುಂಡು. ಮನೆ ಬಿಚ್ಚುವ ಕೆಲಸದವರು ಅಟ್ಟದ ಸೌದೆಯ ಜೊತೆ ಅದನ್ನೂ ಸ್ನಾನದ ಒಲೆಗೆ ಹಾಕುವ ಮೊದಲು ಹೋಗಿ ನೋಡಿ.